ಮೂರು ಸದ್ದು, ಒಂದೇ ಆಕ್ಸ್: ವೈ ಕೇಬಲ್ ಯಾಕೆ ಕೈ ಕೊಡುತ್ತದೆ?

ಪ್ರಶ್ನೆ: ನನ್ನ ಹಳೆಯ ಆಂಪ್ಲಿಫೈಯರ್‌ಗೆ ಇರುವುದು ಒಂದೇ ಆಕ್ಸ್ ಇನ್‌ಪುಟ್. ಟಿವಿ, ಲ್ಯಾಪ್‌ಟಾಪ್, ಮೊಬೈಲ್ ಮೂರನ್ನೂ ಅದಕ್ಕೇ ಕೊಡಬೇಕು. ಪ್ರತಿ ಸಲ ಪಿನ್ ಕಿತ್ತು ಚುಚ್ಚಿ ಬೇಸರವಾಗಿ ಎರಡು ವೈ ಕೇಬಲ್ ತಂದು ಮೂರನ್ನೂ ಸೇರಿಸಿದೆ. ಮೊಬೈಲ್ ಚುಚ್ಚಿದ ಕೂಡಲೇ ಟಿವಿ ಸದ್ದು ಹೆಚ್ಚುಕಡಿಮೆ ಮಾಯ. ಲ್ಯಾಪ್‌ಟಾಪ್ ಆನ್ ಇದ್ದರೂ ಅದೇ ಕಥೆ. ಮೊಬೈಲ್ ಕಿತ್ತು, ಲ್ಯಾಪ್‌ಟಾಪ್ ಆಫ್ ಮಾಡಿದರೆ ಟಿವಿ ಕೇಳಿಸುತ್ತದೆ, ಆದರೆ ಜೋರಾದ ಕಡೆ ಸದ್ದು ಒಡೆಯುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದರೆ ಗುಂಯ್ ಅನ್ನುವ ಸದ್ದು ಬೇರೆ. ಕೇಬಲ್ ಕೆಟ್ಟದ್ದಾ? ಮುಂದೆ ಒಂದು ಮೈಕನ್ನೂ ಸೇರಿಸುವ ಆಸೆ ಇದೆ, ಆಗುತ್ತದಾ?

ಉತ್ತರ: ಕೇಬಲ್ ಚೆನ್ನಾಗಿಯೇ ಇದೆ. ನೀವು ಅದನ್ನು ಉಲ್ಟಾ ಕೆಲಸಕ್ಕೆ ಹಚ್ಚಿದ್ದೀರಿ, ಅಷ್ಟೇ. ವೈ ಕೇಬಲ್ ಇರುವುದು ಒಂದು ಔಟ್‌ಪುಟ್ ಅನ್ನು ಎರಡು ಇನ್‌ಪುಟ್‌ಗೆ ಹಂಚುವುದಕ್ಕೆ. ಎರಡು ಔಟ್‌ಪುಟ್‌ಗಳನ್ನು ತಂದು ಒಂದಕ್ಕೆ ಕಟ್ಟುವುದಕ್ಕಲ್ಲ. ನೋಡುವುದಕ್ಕೆ ಎರಡೂ ಒಂದೇ ಕೇಬಲ್ ಆಗಿರುವುದರಿಂದ ಎಲ್ಲರೂ ಇಲ್ಲಿ ಒಮ್ಮೆಯಾದರೂ ಎಡವುತ್ತಾರೆ.

ಎಡವಟ್ಟು ಆಗುವುದು ಎಲ್ಲಿ? ನಾವು ಅಂದುಕೊಳ್ಳುವುದು ಹೀಗೆ: ಮೊಬೈಲ್‌ನಲ್ಲಿ ಈಗ ಹಾಡು ಓಡುತ್ತಿಲ್ಲ, ಹಾಗಾಗಿ ಅದು ತನ್ನ ಪಾಡಿಗೆ ಸುಮ್ನೆ ಇದೆ, ಟಿವಿಗೆ ಅದರಿಂದ ಏನೂ ಆಗಬಾರದು. ಆದರೆ ಸುಮ್ಮನಿರುವ ಔಟ್‌ಪುಟ್ ಕೈ ಬಿಟ್ಟು ಕೂತಿರುವುದಿಲ್ಲ. ಸದ್ದಿಲ್ಲ ಅಂದರೆ ಸೊನ್ನೆ ವೋಲ್ಟ್. ಅದು ತಂತಿಯನ್ನು ಆ ಸೊನ್ನೆಯಲ್ಲೇ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಟಿವಿ ಅದೇ ತಂತಿಯನ್ನು ಮೇಲೆ ಕೆಳಗೆ ಆಡಿಸಲು ನೋಡುತ್ತದೆ. ಒಂದೇ ಬಾಗಿಲನ್ನು ಒಬ್ಬ ತಳ್ಳುತ್ತಿದ್ದಾನೆ, ಇನ್ನೊಬ್ಬ ಅಲುಗಾಡದಂತೆ ಹಿಡಿದಿದ್ದಾನೆ. ಯಾರ ಕೈ ಗಟ್ಟಿಯೋ ಅವನ ಮಾತು ನಡೆಯುತ್ತದೆ.

ಈ ಕೈಬಲಕ್ಕೆ ಒಂದು ಲೆಕ್ಕವಿದೆ. ಪ್ರತಿ ಔಟ್‌ಪುಟ್‌ನ ಒಳಗೂ ಒಂದಷ್ಟು ಓಮ್ ತಡೆ ಇರುತ್ತದೆ. ಅದಕ್ಕೆ ಔಟ್‌ಪುಟ್ ಇಂಪೀಡೆನ್ಸ್ ಅನ್ನುತ್ತಾರೆ. ಅದು ಕಡಿಮೆ ಇದ್ದಷ್ಟೂ ಹಿಡಿತ ಗಟ್ಟಿ. ಟಿವಿ, ಪ್ಲೇಯರ್‌ಗಳ ಲೈನ್ ಔಟ್‌ನಲ್ಲಿ, ಅಂದರೆ ಸದ್ದನ್ನು ಆಂಪ್‌ನಂಥ ಇನ್ನೊಂದು ಉಪಕರಣಕ್ಕೆ ಕೊಡುವ ಜ್ಯಾಕ್‌ನಲ್ಲಿ, ಇದು ಸಾಮಾನ್ಯವಾಗಿ ನೂರರಿಂದ ಸಾವಿರ ಓಮ್‌ವರೆಗೆ. ಹೆಡ್‌ಫೋನ್ ಜ್ಯಾಕ್‌ನಲ್ಲಿ ಮಾತ್ರ ಕೆಲವೇ ಓಮ್, ಯಾಕೆಂದರೆ ಅದು 16 ಅಥವಾ 32 ಓಮ್‌ನ ಹೆಡ್‌ಫೋನನ್ನೇ ಆಡಿಸಬೇಕು. ನಿಮ್ಮ ಟಿವಿಯದ್ದು 500 ಓಮ್, ಮೊಬೈಲ್‌ನದ್ದು 2 ಓಮ್ ಅಂತ ಇಟ್ಟುಕೊಳ್ಳಿ. ಟಿವಿ 1 ವೋಲ್ಟ್ ಕೊಟ್ಟರೆ, ಎರಡೂ ಸೇರುವ ಜಾಗದಲ್ಲಿ ಉಳಿಯುವುದು 502ರಲ್ಲಿ 2 ಪಾಲು. ಅಂದರೆ ಬರೀ 4 ಮಿಲಿವೋಲ್ಟ್! ಟಿವಿ ಮಾಯವಾಗಿದ್ದು ಹೀಗೆ. ಮೊಬೈಲ್‌ನ ಹಾಡಿಗೆ ಮಾತ್ರ ಈ ಜಗ್ಗಾಟದಿಂದ ಹೆಚ್ಚೇನೂ ಆಗುವುದಿಲ್ಲ, 502ರಲ್ಲಿ 500 ಪಾಲು ಅದಕ್ಕೇ ಸಿಗುತ್ತದೆ. ಅದಕ್ಕೇ ಎಲ್ಲರೂ ಟಿವಿಯನ್ನೇ ಅನುಮಾನಿಸುತ್ತಾರೆ.

ಆಫ್ ಮಾಡಿದ ಲ್ಯಾಪ್‌ಟಾಪ್ ಟಿವಿಯ ಸದ್ದನ್ನು ಒಡೆಯುವುದು ಇನ್ನೂ ಮಜವಾದ ವಿಷಯ. ಅದರೊಳಗಿನ ಆಡಿಯೋ ಚಿಪ್‌ನ ಪಿನ್‌ಗಳಿಗೆ ಕಾವಲಿಗೆ ಅಂತ ಸಣ್ಣ ಡಯೋಡ್‌ಗಳಿರುತ್ತವೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ ಅವು. ಚಿಪ್‌ಗೆ ಕರೆಂಟ್ ಇದ್ದಾಗ ಅವು ತಮ್ಮ ಪಾಡಿಗೆ ಇರುತ್ತವೆ. ಕರೆಂಟ್ ಇಲ್ಲದಾಗ, ಹೊರಗಿನಿಂದ ಬಂದ ಸಿಗ್ನಲ್ ಸುಮಾರು 0.6 ವೋಲ್ಟ್ ದಾಟಿದ ಕೂಡಲೇ ಅವೇ ಅದನ್ನು ಕುಡಿದುಬಿಡುತ್ತವೆ. ಟಿವಿ ಸದ್ದು ಮೆಲ್ಲಗಿದ್ದರೆ ತೊಂದರೆ ಇಲ್ಲ. ಜೋರಾದ ಕಡೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ನಿಮಗೆ ಕೇಳಿಸಿದ ಒಡಕು ಅದೇ.

ಇದರಿಂದ ಉಪಕರಣ ಸುಟ್ಟುಹೋಗುತ್ತದಾ ಅಂದರೆ, ಲೈನ್ ಔಟ್‌ಗಳಲ್ಲಿ ಸಾಮಾನ್ಯವಾಗಿ ಇಲ್ಲ. ಒಳಗಿನ ನೂರಾರು ಓಮ್ ಕಾಪಾಡುತ್ತದೆ. ಎರಡು ಹೆಡ್‌ಫೋನ್ ಔಟ್‌ಪುಟ್‌ಗಳನ್ನು ನೇರ ಕಟ್ಟಿದರೆ ಒಂದು ಇನ್ನೊಂದಕ್ಕೆ ಜಾಸ್ತಿ ಕರೆಂಟ್ ತಳ್ಳುತ್ತದೆ, ಚಿಪ್ ಬಿಸಿಯಾಗುತ್ತದೆ. ನಿಮ್ಮ ಮೊಬೈಲ್, ಲ್ಯಾಪ್‌ಟಾಪ್ ಈಗ ಇರುವುದು ಇದೇ ಸ್ಥಿತಿಯಲ್ಲಿ. ಇವತ್ತೇ ಬಿಚ್ಚಿಡಿ.

ಈಗ ಪರಿಹಾರ. ಆದರೆ ಮೊದಲು ನಿಮಗೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಮೂರೂ ಒಟ್ಟಿಗೆ ಕೇಳಿಸಬೇಕಾ, ಅಥವಾ ಪಿನ್ ಕಿತ್ತು ಚುಚ್ಚುವ ರಗಳೆ ತಪ್ಪಿದರೆ ಸಾಕಾ? ಹತ್ತರಲ್ಲಿ ಎಂಟು ಜನರಿಗೆ ಬೇಕಾಗಿರುವುದು ಎರಡನೆಯದೇ ಅನ್ನುವುದು ನನ್ನ ಅನಿಸಿಕೆ. ಹಾಗಿದ್ದರೆ ಒಂದು ಸೆಲೆಕ್ಟರ್ ಸ್ವಿಚ್ ಸಾಕು. ಬೇಕಾದ್ದನ್ನು ಮಾತ್ರ ಆಂಪ್‌ಗೆ ಜೋಡಿಸುತ್ತದೆ, ಉಳಿದವನ್ನು ಪೂರ್ತಿ ಬಿಡಿಸುತ್ತದೆ. ಸದ್ದು ಒಂದು ಚೂರೂ ಕಡಿಮೆಯಾಗುವುದಿಲ್ಲ, ಕರೆಂಟ್ ಬೇಡ, ಕೆಡುವುದಕ್ಕೆ ಏನೂ ಇಲ್ಲ. ಮೂರು ಇನ್‌ಪುಟ್, ಒಂದು ಔಟ್‌ಪುಟ್‌ನ ಸಿದ್ಧ ಪೆಟ್ಟಿಗೆಗಳೂ ಸಿಗುತ್ತವೆ. ನೀವೇ ಮಾಡುವುದಾದರೆ ಎರಡು ಪೋಲ್, ಮೂರು ಸ್ಥಾನದ ರೋಟರಿ ಸ್ವಿಚ್ ತನ್ನಿ. ಒಂದು ಪೋಲ್ ಎಡಕ್ಕೆ, ಒಂದು ಬಲಕ್ಕೆ. ಗ್ರೌಂಡ್‌ಗಳೆಲ್ಲ ಒಟ್ಟಿಗೇ ಇರಲಿ. ತಿರುಗಿಸಿದಾಗ ಟಪ್ ಅಂದರೆ ಪ್ರತಿ ಇನ್‌ಪುಟ್‌ನಿಂದ ಗ್ರೌಂಡ್‌ಗೆ 1 ಮೆಗಾ ಓಮ್‌ನ ರೆಸಿಸ್ಟರ್ ಹಾಕಿ. ಉಪಕರಣದ ಔಟ್‌ಪುಟ್‌ನಲ್ಲಿರುವ ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜ್ ಅದರ ಮೂಲಕ ಇಳಿದುಹೋಗುತ್ತದೆ.

ಇಲ್ಲ, ಟಿವಿ ನೋಡುತ್ತಾ ಮೊಬೈಲ್‌ನ ರಿಂಗೂ ಕೇಳಿಸಬೇಕು, ಲ್ಯಾಪ್‌ಟಾಪ್ ಹಾಡಿನ ಮೇಲೆ ಇನ್ನೊಂದು ಟ್ರ್ಯಾಕ್ ಕೂರಿಸಬೇಕು ಅಂದರೆ ಬೆರೆಸಲೇಬೇಕು. ಬೆರೆಸುವುದಕ್ಕೆ ಬೇಕಾದದ್ದು ಪ್ರತಿ ಔಟ್‌ಪುಟ್‌ನ ದಾರಿಯಲ್ಲಿ ಒಂದೊಂದು ರೆಸಿಸ್ಟರ್. ಗಟ್ಟಿ ಕೈಗಳನ್ನೆಲ್ಲ ಒಂದೇ ಸಮ ಸಡಿಲ ಮಾಡುವ ಉಪಾಯ ಇದು.

4.7 ಕೆ, ಅಂದರೆ 4700 ಓಮ್‌ನದ್ದು ತೆಗೆದುಕೊಳ್ಳಿ. ಸ್ಟೀರಿಯೋ ಆದ್ದರಿಂದ ಮೂರು ಉಪಕರಣಕ್ಕೆ ಆರು ಬೇಕು. ಕಾಲು ವ್ಯಾಟ್‌ನದ್ದು ಸಾಕೋ ಸಾಕು, ಇಲ್ಲಿ ಅದರ ಮೇಲೆ ಬೀಳುವುದು ಒಂದು ಮಿಲಿವ್ಯಾಟ್ ಕೂಡ ಇಲ್ಲ. ಮೈಮೇಲಿನ ಬಣ್ಣದ ಪಟ್ಟಿ ನೋಡಿ ಆರಿಸುವುದಾದರೆ ಹಳದಿ, ನೇರಳೆ, ಕೆಂಪು, ಕೊನೆಗೆ ಚಿನ್ನದ ಬಣ್ಣ. ಒಂದು ಪರ್ಸೆಂಟ್‌ನ ಮೆಟಲ್ ಫಿಲ್ಮ್ ಸಿಕ್ಕರೆ ಇನ್ನೂ ಒಳ್ಳೆಯದು, ಎಡ ಬಲ ಸಮ ಇರುತ್ತವೆ. ಅದರಲ್ಲಿ ಪಟ್ಟಿಗಳು ಐದು, ಹಾಗಾಗಿ ಮೀಟರ್ ಹಿಡಿದೇ ನೋಡಿಬಿಡಿ.

ಜೋಡಣೆ ಹೀಗೆ. 3.5 ಮಿಲಿಮೀಟರ್ ಸ್ಟೀರಿಯೋ ಪಿನ್‌ನಲ್ಲಿ ತುದಿ ಎಡ, ನಡುವಿನ ಉಂಗುರ ಬಲ, ಬುಡದ ಕೊಳವೆ ಗ್ರೌಂಡ್. ಟಿವಿಯ ಎಡಕ್ಕೆ ಒಂದು ರೆಸಿಸ್ಟರ್, ಲ್ಯಾಪ್‌ಟಾಪ್‌ನ ಎಡಕ್ಕೆ ಒಂದು, ಮೊಬೈಲ್‌ನ ಎಡಕ್ಕೆ ಒಂದು. ಮೂರರ ಇನ್ನೊಂದು ಕಾಲುಗಳನ್ನು ಸೇರಿಸಿ ಬೆಸುಗೆ ಹಾಕಿ, ಅಲ್ಲಿಂದ ಒಂದೇ ತಂತಿ ಆಂಪ್‌ನ ಎಡಕ್ಕೆ. ಬಲಕ್ಕೂ ಇದೇ. ಗ್ರೌಂಡ್‌ಗಳಿಗೆ ರೆಸಿಸ್ಟರ್ ಬೇಡ, ನೇರ ಸೇರಿಸಿ. ಪೆಟ್ಟಿಗೆ ಲೋಹದ್ದಾಗಿದ್ದರೆ ಅದನ್ನೂ ಗ್ರೌಂಡ್‌ಗೆ ತಾಗಿಸಿ.

ಮುಚ್ಚಳ ಹಾಕುವ ಮುಂಚೆ ಮಲ್ಟಿಮೀಟರ್‌ನಲ್ಲಿ ಒಂದು ಪರೀಕ್ಷೆ. ಯಾವುದಕ್ಕೂ ಚುಚ್ಚದೆ, ಟಿವಿ ಪಿನ್‌ನ ತುದಿಯಿಂದ ಮೊಬೈಲ್ ಪಿನ್‌ನ ತುದಿಗೆ ಅಳೆಯಿರಿ. 9.4 ಕೆ ಆಸುಪಾಸು ತೋರಿಸಬೇಕು, ಎರಡು ರೆಸಿಸ್ಟರ್ ಸಾಲಾಗಿ ಸಿಗುತ್ತವಲ್ಲ. ಸೊನ್ನೆ ಬಂದರೆ ಎಲ್ಲೋ ತಂತಿ ತಾಗಿದೆ. 4.7 ಕೆ ಬಂದರೆ ಒಂದು ರೆಸಿಸ್ಟರ್ ತಪ್ಪಿಹೋಗಿದೆ. ತುದಿಯಿಂದ ಉಂಗುರಕ್ಕಾಗಲಿ, ತುದಿಯಿಂದ ಕೊಳವೆಗಾಗಲಿ ಏನೂ ತೋರಿಸಬಾರದು.

ಇದಕ್ಕೆ ತೆರಬೇಕಾದ ಬೆಲೆ ಒಂದೇ: ಸದ್ದು ಇಳಿಯುತ್ತದೆ. ಎರಡು ಉಪಕರಣ ಬೆರೆಸಿದರೆ ಪ್ರತಿಯೊಂದೂ ಅರ್ಧಕ್ಕೆ, ಅಂದರೆ 6 ಡೆಸಿಬೆಲ್ ಕಡಿಮೆ. ಮೂರಾದರೆ ಮೂರನೇ ಒಂದು ಪಾಲು, ಸುಮಾರು 9.5 ಡೆಸಿಬೆಲ್. ನಾಲ್ಕಾದರೆ 12. ಆಂಪ್‌ನ ಇನ್‌ಪುಟ್ ಕೂಡ ಒಂದು ಚೂರು ಎಳೆಯುತ್ತದೆ. ಅದು 22 ಕೆ ಇದ್ದರೆ ನಿಮ್ಮ ಮೂರರ ಪೆಟ್ಟಿಗೆಯಲ್ಲಿ ಒಟ್ಟು 10 ಡೆಸಿಬೆಲ್ ಹೋಗುತ್ತದೆ. ಕಿವಿಗೆ ಇದು ಸದ್ದು ಅರ್ಧಕ್ಕಿಳಿದ ಹಾಗೆ. ಆಂಪ್‌ನ ವಾಲ್ಯೂಮ್ ಇನ್ನೊಂದಷ್ಟು ತಿರುಗಿಸಿದರೆ ಮುಗಿಯಿತು. ಹೆಚ್ಚಿನ ಆಂಪ್‌ಗಳಲ್ಲಿ ಅಷ್ಟು ಜಾಗ ಉಳಿದೇ ಇರುತ್ತದೆ.

4.7 ಕೆ ಯಾಕೆ, 100 ಓಮ್ ಯಾಕಲ್ಲ, 100 ಕೆ ಯಾಕಲ್ಲ ಅಂತ ಕೇಳಬಹುದು. ತೀರಾ ಕಡಿಮೆ ಇಟ್ಟರೆ ಮತ್ತೆ ಅದೇ ಜಗ್ಗಾಟ. ಅದೂ ಅಲ್ಲದೆ ಟಿವಿಯ 500 ಓಮ್, ಮೊಬೈಲ್‌ನ 2 ಓಮ್ ನಡುವಿನ ಅಂತರ ಎದ್ದು ಕಾಣುತ್ತದೆ. 4.7 ಕೆ ಇದ್ದಾಗ ಒಂದು ಕಡೆ 5200, ಇನ್ನೊಂದು ಕಡೆ 4702, ಕಿವಿಗೆ ವ್ಯತ್ಯಾಸವೇ ಗೊತ್ತಾಗದು. ತೀರಾ ಜಾಸ್ತಿ ಇಟ್ಟರೆ ಬೇರೆ ಪೀಡೆ. ಶೀಲ್ಡ್ (ತಂತಿಯ ಸುತ್ತಲಿನ ಲೋಹದ ಹೊದಿಕೆ) ಇರುವ ಕೇಬಲ್ ಸ್ವತಃ ಒಂದು ಸಣ್ಣ ಕೆಪಾಸಿಟರ್ ಇದ್ದ ಹಾಗೆ, ಮೀಟರಿಗೆ ನೂರು ಪಿಕೋಫ್ಯಾರಡ್ ಆಸುಪಾಸು. ಎರಡು 100 ಕೆ ಮತ್ತು ಮೂರು ಮೀಟರ್ ಕೇಬಲ್ ಸೇರಿದರೆ ಸುಮಾರು 10 ಕಿಲೋಹರ್ಟ್ಸ್‌ನಿಂದಲೇ ಟ್ರೆಬಲ್ ಇಳಿಯಲು ಶುರು. ತಾಳದ ಝಣ್ ಅನ್ನುವುದೆಲ್ಲ ಮಂಕಾಗುತ್ತದೆ. 2.2 ಕೆಯಿಂದ 10 ಕೆ ನಡುವೆ ಎಲ್ಲಿದ್ದರೂ ನಡೆಯುತ್ತದೆ, ಮನೆಯಲ್ಲಿ ಬಿದ್ದಿರುವುದನ್ನೇ ಬಳಸಿ.

ಒಂದು ಉಪಕರಣ ಯಾವಾಗಲೂ ಕಿರುಚುತ್ತದೆ ಅಂದರೆ ಅದರ ರೆಸಿಸ್ಟರ್ ಮಾತ್ರ ದೊಡ್ಡದು ಮಾಡಿ. ಉಳಿದವಕ್ಕೆ 4.7 ಕೆ, ಅದಕ್ಕೆ 10 ಕೆ ಹಾಕಿದರೆ ಅದು ಉಳಿದವುಗಳ ಎದುರು 6 ಡೆಸಿಬೆಲ್‌ನಷ್ಟು ತಗ್ಗುತ್ತದೆ. ಮೊಬೈಲ್, ಲ್ಯಾಪ್‌ಟಾಪ್‌ಗಳಲ್ಲಿ ವಾಲ್ಯೂಮ್ ಅಲ್ಲೇ ಇದೆ, ಇದೂ ಬೇಡ. ಪೆಟ್ಟಿಗೆಗೇ ವಾಲ್ಯೂಮ್ ತಿರುಗಣೆ ಬೇಕು ಅಂದರೆ 10 ಕೆ ಲಾಗ್ ಪಾಟ್ ಹಾಕಿ, ವಾಲ್ಯೂಮ್‌ಗೆ ಅಂತಲೇ ಇರುವ ತಿರುಗಿಸುವ ರೆಸಿಸ್ಟರ್ ಅದು. ಆದರೆ ಪಾಟ್‌ನ ನಡುಕಾಲಿನಿಂದ ಬಂದ ಮೇಲೆ ರೆಸಿಸ್ಟರ್ ಇರಬೇಕು. ಅದಿಲ್ಲದೆ ನಡುಕಾಲುಗಳನ್ನೇ ಸೇರಿಸಿದರೆ, ಒಂದು ಪಾಟ್ ಸೊನ್ನೆಗೆ ತಿರುಗಿಸಿದ ಕೂಡಲೇ ಮೂರೂ ಗ್ರೌಂಡ್ ಆಗಿ ಪೂರ್ತಿ ನಿಶ್ಶಬ್ದ. ಹೊಸದಾಗಿ ಮಿಕ್ಸರ್ ಕಟ್ಟುವವರು ತಲೆ ಕೆರೆದುಕೊಳ್ಳುವ ಜಾಗ ಇದು.

ಸ್ಟೀರಿಯೋ ಸದ್ದನ್ನು ಒಂದೇ ಸ್ಪೀಕರ್‌ಗೆ ಕೊಡಲು ಎಡ ಬಲ ತಂತಿಗಳನ್ನು ತಿರುಚಿ ಸೇರಿಸುತ್ತಾರಲ್ಲ, ಅದೂ ಇದೇ ತಪ್ಪೇ. ಅಲ್ಲೂ ಎರಡು ರೆಸಿಸ್ಟರ್ ಬೇಕು.

ರೆಸಿಸ್ಟರ್ ಪೆಟ್ಟಿಗೆಗೆ ಒಂದು ಕೊರತೆ ಇದೆ. ಒಂದು ಪಿನ್ ಕಿತ್ತರೆ ಉಳಿದೆರಡರ ಸದ್ದು ಸ್ವಲ್ಪ ಏರುತ್ತದೆ, ಮೂರನೇ ಒಂದು ಪಾಲು ಇದ್ದದ್ದು ಅರ್ಧಕ್ಕೆ ಬರುತ್ತದೆ. ಇದು ನಿಮಗೆ ಕಿರಿಕಿರಿ ಅನ್ನಿಸಿದರೆ, ಅಥವಾ ಸದ್ದು ಸಾಲದೆ ಹೋದರೆ, ಆಗ ಆಪ್ ಆಂಪ್ ಮಿಕ್ಸರ್. ಆಪ್ ಆಂಪ್ ಅಂದರೆ ಚಿಪ್‌ನೊಳಗಿನ ಪುಟ್ಟ ಆಂಪ್ಲಿಫೈಯರ್. ಟಿಎಲ್072 ಅಥವಾ ಎನ್‌ಇ5532 ಚಿಪ್‌ನಲ್ಲಿ ಎರಡೆರಡು ಆಪ್ ಆಂಪ್ ಇವೆ, ಎಡಕ್ಕೊಂದು ಬಲಕ್ಕೊಂದು. ಪ್ರತಿ ಉಪಕರಣದಿಂದ 10 ಕೆ ಮೂಲಕ ಮೈನಸ್ ಇನ್‌ಪುಟ್‌ಗೆ ಬನ್ನಿ. ಔಟ್‌ಪುಟ್‌ನಿಂದ ಅದೇ ಮೈನಸ್ ಇನ್‌ಪುಟ್‌ಗೆ ಇನ್ನೊಂದು 10 ಕೆ. ಪ್ಲಸ್ ಇನ್‌ಪುಟ್ ಗ್ರೌಂಡ್‌ಗೆ. ಇಷ್ಟೇ ಇದರ ಎಲುಬು.

ಇದರ ಸೊಗಸು ಎಲ್ಲಿದೆ ಗೊತ್ತಾ? ಎಲ್ಲ ಸಿಗ್ನಲ್ ಸೇರುವ ಆ ಬಿಂದು ಅಲುಗಾಡುವುದೇ ಇಲ್ಲ. ಆಪ್ ಆಂಪ್ ತನ್ನ ಔಟ್‌ಪುಟ್ ಅನ್ನು ಕುಣಿಸಿ ಆ ಜಾಗವನ್ನು ಸದಾ ಸೊನ್ನೆಯಲ್ಲಿ ಇಡುತ್ತದೆ. ಹಾಗಾಗಿ ಟಿವಿಯ ಸದ್ದು ಮೊಬೈಲ್‌ನತ್ತ ಹೋಗುವ ಪ್ರಶ್ನೆಯೇ ಇಲ್ಲ, ಆಫ್ ಆದ ಲ್ಯಾಪ್‌ಟಾಪ್‌ನ ಡಯೋಡ್‌ಗೆ ಕುಡಿಯಲು ಏನೂ ಸಿಗುವುದಿಲ್ಲ. ಒಂದು ಕಿತ್ತರೂ ಉಳಿದವು ಇದ್ದಷ್ಟೇ ಇರುತ್ತವೆ. ಸದ್ದಿನ ನಷ್ಟವೂ ಇಲ್ಲ, ಔಟ್‌ಪುಟ್‌ನಿಂದ ಬರುವ 10 ಕೆಯನ್ನು 22 ಕೆ ಮಾಡಿದರೆ ದುಪ್ಪಟ್ಟಿಗಿಂತ ಜಾಸ್ತಿಯೇ ಬರುತ್ತದೆ. ಅಲೆ ತಲೆಕೆಳಗಾಗುತ್ತದೆ ನಿಜ, ಆದರೆ ಎಡ ಬಲ ಎರಡೂ ಒಟ್ಟಿಗೆ ತಿರುಗುವುದರಿಂದ ಕಿವಿಗೆ ಗೊತ್ತಾಗದು. ಔಟ್‌ಪುಟ್‌ನ ದಾರಿಯಲ್ಲಿ 100 ಓಮ್ ಒಂದನ್ನು ಮರೆಯದೆ ಇಡಿ, ಉದ್ದ ಕೇಬಲ್ ಕಂಡರೆ ಕೆಲವು ಆಪ್ ಆಂಪ್‌ಗಳು ಒಳಗೊಳಗೇ ನಡುಗಲು ಶುರು ಮಾಡುತ್ತವೆ. ಪ್ಲಸ್, ಮೈನಸ್ ಎರಡೂ ಸಪ್ಲೈ ಇದ್ದರೆ ಕೆಲಸ ಸುಲಭ. ಒಂದೇ 12 ವೋಲ್ಟ್ ಅಡಾಪ್ಟರ್‌ನಲ್ಲಿ ಮಾಡುವುದಾದರೆ ಪ್ಲಸ್ ಇನ್‌ಪುಟ್ ಅನ್ನು ಗ್ರೌಂಡ್ ಬದಲು 6 ವೋಲ್ಟ್‌ಗೆ ಏರಿಸಬೇಕು, ಪ್ರತಿ ಇನ್‌ಪುಟ್‌ಗೂ ಔಟ್‌ಪುಟ್‌ಗೂ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಬೇಕು. ಇಷ್ಟೆಲ್ಲ ಯಾಕೆ ಅನ್ನಿಸಿದರೆ ಒಂದು ಪುಟ್ಟ ಲೈನ್ ಮಿಕ್ಸರ್ ಕೊಂಡುಬಿಡಿ. ಅದರಲ್ಲೇನೂ ಅವಮಾನ ಇಲ್ಲ.

ಇನ್ನು ಚಾರ್ಜರ್ ಹಾಕಿದಾಗಿನ ಗುಂಯ್. ಇದು ಮಿಕ್ಸರ್‌ನಿಂದ ಹೋಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ ಚಾರ್ಜರ್‌ನಿಂದ ಒಂದು ಅರ್ತ್ ದಾರಿ, ಆಂಪ್‌ನಿಂದ ಇನ್ನೊಂದು, ನಡುವೆ ನಿಮ್ಮ ಆಡಿಯೋ ಕೇಬಲ್‌ನ ಶೀಲ್ಡ್. ಮೂರೂ ಸೇರಿ ಒಂದು ಸುತ್ತು ಆಯಿತು. ಅದರಲ್ಲಿ ಹರಿಯುವ ಸಣ್ಣ ಕರೆಂಟೇ ನಿಮಗೆ ಕೇಳಿಸುವುದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದಾಗ ನಿಂತರೆ ಅನುಮಾನವೇ ಬೇಡ. ಟಿವಿಗೆ ಹೊರಗಿನಿಂದ ಕೇಬಲ್ ಅಥವಾ ಡಿಶ್ ತಂತಿ ಬರುತ್ತಿದ್ದರೆ ಅದೂ ಇಂಥದ್ದೇ ಸುತ್ತು ಕಟ್ಟಬಹುದು, ಆ ತಂತಿ ಕಿತ್ತು ನೋಡಿ.

ಮದ್ದು ಅಂದರೆ 1:1 ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್. ಗ್ರೌಂಡ್ ಲೂಪ್ ಐಸೊಲೇಟರ್ ಹೆಸರಿನಲ್ಲಿ ಎರಡು ಕಡೆಯೂ ಜ್ಯಾಕ್ ಇರುವ ಸಣ್ಣ ಡಬ್ಬಿಯಾಗಿ ಸಿಗುತ್ತದೆ. ಸಿಗ್ನಲ್ ಕಾಂತದ ಮೂಲಕ ದಾಟುತ್ತದೆ, ಗ್ರೌಂಡ್ ದಾಟುವುದಿಲ್ಲ. ಅದನ್ನು ಲ್ಯಾಪ್‌ಟಾಪ್ ಮತ್ತು ಪೆಟ್ಟಿಗೆಯ ನಡುವೆ, ಪೆಟ್ಟಿಗೆಯ ಹೊರಗೇ ಹಾಕಿ. ಎಲ್ಲಕ್ಕೂ ಸೇರಿಸಿ ಔಟ್‌ಪುಟ್‌ಗೆ ಹಾಕುವುದು ಬೇಡ. ತೀರಾ ಅಗ್ಗದ ಟ್ರಾನ್ಸ್‌ಫಾರ್ಮರ್‌ಗಳು ಬೇಸ್ ತಿಂದುಹಾಕುತ್ತವೆ, ಆ ನಷ್ಟ ಒಂದಕ್ಕೆ ಮಾತ್ರ ಸಾಕು. ಅರ್ತ್ ಪಿನ್ ಕತ್ತರಿಸಿದರೆ ಹಮ್ (ಅದೇ ಗುಂಯ್ ಸದ್ದು) ಹೋಗುತ್ತದೆ ಅಂತ ಯಾರಾದರೂ ಹೇಳಿಕೊಟ್ಟರೆ ಮಾತ್ರ ಖಂಡಿತ ಕೇಳಬೇಡಿ. ಹಮ್ ಹೋಗುತ್ತದೆ, ನಿಜ. ಒಳಗೆ ಏನಾದರೂ ಕೆಟ್ಟ ದಿನ ಮೈಗೆ ಕರೆಂಟ್ ಹೊಡೆಯುತ್ತದೆ.

ಇನ್ನೊಂದು ಎಚ್ಚರಿಕೆ, ಇದು ನಾನೇ ಸುಟ್ಟುಕೊಂಡು ಕಲಿತದ್ದು. ಇಲ್ಲಿಯವರೆಗೆ ಹೇಳಿದ್ದೆಲ್ಲ ಲೈನ್ ಔಟ್, ಹೆಡ್‌ಫೋನ್ ಔಟ್‌ಗಳಿಗೆ. ಸ್ಪೀಕರ್ ತಂತಿ ಹೊರಡುವ ಜಾಗಕ್ಕೆ ಅಲ್ಲ. ಒಮ್ಮೆ ಒಂದು ಸಣ್ಣ ಬ್ಲೂಟೂತ್ ಬೋರ್ಡ್ ಕೈಯಲ್ಲಿತ್ತು. ಲೈನ್ ಔಟ್ ಇರಲಿಲ್ಲ, ಸ್ಪೀಕರ್‌ನ ಪ್ಲಸ್, ಮೈನಸ್ ಮಾತ್ರ ಇತ್ತು. ಮೈನಸ್ ಅಂದರೆ ಗ್ರೌಂಡೇ ತಾನೆ ಅಂತ ಅದನ್ನು ಆಕ್ಸ್‌ನ ಗ್ರೌಂಡ್‌ಗೆ ಬೆಸೆದೆ. ಬೋರ್ಡ್‌ಗೂ ಆಂಪ್‌ಗೂ ಒಂದೇ ಅಡಾಪ್ಟರ್. ಆನ್ ಮಾಡಿದೆ. ಹಾಡು ಶುರುವಾಗಲಿಲ್ಲ, ಕಮರು ವಾಸನೆ ಶುರುವಾಯಿತು. ಚಿಪ್‌ನ ಮೇಲೆ ಬೆರಳಿಟ್ಟವನು ಅಷ್ಟೇ ಬೇಗ ತೆಗೆದೆ, ಎರಡು ದಿನ ಬೊಬ್ಬೆ ಇತ್ತು. ಆ ಬೋರ್ಡ್‌ಗಳಲ್ಲಿ ಮೈನಸ್ ಕೂಡ ಒಂದು ಔಟ್‌ಪುಟ್, ಪ್ಲಸ್‌ನ ಎದುರು ದಿಕ್ಕಿಗೆ ಆಡುತ್ತಿರುತ್ತದೆ. ನಾನು ಅದನ್ನು ನೇರ ಗ್ರೌಂಡ್‌ಗೆ ಕಟ್ಟಿದ್ದೆ.

ಆಪ್ಟಿಕಲ್, ಎಚ್‌ಡಿಎಂಐ ತರದ ಡಿಜಿಟಲ್ ಸಿಗ್ನಲ್‌ಗಳನ್ನೂ ರೆಸಿಸ್ಟರ್‌ನಲ್ಲಿ ಬೆರೆಸಲಾಗದು. ಟಿವಿಗೆ ಆಪ್ಟಿಕಲ್ ಮಾತ್ರ ಇದ್ದರೆ ಮೊದಲು ಅದನ್ನು ಅನಲಾಗ್ ಮಾಡುವ ಕನ್ವರ್ಟರ್ ಬೇಕು, ಆಮೇಲೆ ಈ ಪೆಟ್ಟಿಗೆ.

ಕೊನೆಗೆ ಮೈಕ್. ನಾಲ್ಕನೇ ರೆಸಿಸ್ಟರ್ ಹಾಕಿ ನೇರ ಸೇರಿಸಿದರೆ ಏನೂ ಕೇಳಿಸದು. ಸಾಮಾನ್ಯ ಡೈನಮಿಕ್ ಮೈಕ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್, ಟಿವಿ ಕೊಡುವುದು ಅದರ ನೂರಾರು ಪಟ್ಟು. ಮೊದಲು ಒಂದು ಮೈಕ್ ಪ್ರೀಆಂಪ್, ಸುಮಾರು ನೂರು ಪಟ್ಟು ಏರಿಸುವಂಥದ್ದು. 3 ಮಿಲಿವೋಲ್ಟ್ ಬಂದರೆ 300 ಆಗಿ ಹೊರಬರುತ್ತದೆ, ಆಗ ಅದೂ ಉಳಿದವರ ಸಾಲಿಗೆ ಬರುತ್ತದೆ. ಪ್ರೀಆಂಪ್‌ನ ಔಟ್‌ಪುಟ್ ಒಂದೇ, ಆದ್ದರಿಂದ ಅದನ್ನು ಎರಡು ರೆಸಿಸ್ಟರ್ ಮೂಲಕ ಎಡಕ್ಕೂ ಬಲಕ್ಕೂ ಕೊಡಿ. ನೆನಪಿದೆಯಲ್ಲ, ಒಂದನ್ನು ಎರಡಕ್ಕೆ ಹಂಚುವುದು ತಪ್ಪಲ್ಲ. ಆದರೆ ನಾಲ್ಕಾದ ಮೇಲೆ 12 ಡೆಸಿಬೆಲ್ ನಷ್ಟ, ಹಾಗಾಗಿ ಮೈಕ್ ಬೇಕೇ ಬೇಕು ಅಂತಿದ್ದರೆ ರೆಸಿಸ್ಟರ್ ಪೆಟ್ಟಿಗೆಗೆ ಸಮಯ ಹಾಕಬೇಡಿ, ಮೈಕ್ ಇನ್‌ಪುಟ್ ಇರುವ ಮಿಕ್ಸರನ್ನೇ ತನ್ನಿ. ಮತ್ತೆ, ಮೈಕನ್ನು ಸ್ಪೀಕರ್‌ನ ಹಿಂದೆ ಇಟ್ಟು ಮಾತಾಡಿ. ಮುಂದೆ ನಿಂತರೆ ಅದು ಕೂಗುವ ಕೂಗಿಗೆ ಯಾವ ರೆಸಿಸ್ಟರ್‌ನಲ್ಲೂ ಮದ್ದಿಲ್ಲ.